‘ವಾಚ್‌ಮೆನ್’: 162 ನಿಮಿಷದ್ದೋ, 186ರದ್ದೋ, 215ರದ್ದೋ?

ಅದೇ ಹೆಸರಿನ ಕಾಮಿಕ್ಸ್ ಆಧರಿಸಿ ಝ್ಯಾಕ್ ಸ್ನೈಡರ್ ನಿರ್ದೇಶಿಸಿದ ಸಿನಿಮಾ ‘ವಾಚ್‌ಮೆನ್’ ಮೂರು ಅಳತೆಯಲ್ಲಿ ಸಿಗುತ್ತದೆ. 2009ರ ಮಾರ್ಚ್‌ನಲ್ಲಿ ಥಿಯೇಟರಿಗೆ ಬಂದದ್ದು 162 ನಿಮಿಷದ್ದು. ಅದೇ ವರ್ಷ ಜುಲೈಯಲ್ಲಿ 186 ನಿಮಿಷದ ಡೈರೆಕ್ಟರ್ಸ್ ಕಟ್ (ನಿರ್ದೇಶಕರ ಇಷ್ಟದಂತೆ ಸಂಕಲಿಸಿದ ಪ್ರತಿ) ಡಿಸ್ಕ್ ಆಗಿ ಬಂತು, ನವೆಂಬರ್‌ನಲ್ಲಿ 215 ನಿಮಿಷದ ಅಲ್ಟಿಮೇಟ್ ಕಟ್. ಪೋಸ್ಟರ್ ಮೂರಕ್ಕೂ ಹೆಚ್ಚುಕಡಿಮೆ ಒಂದೇ. ಆನ್‌ಲೈನ್‌ನಲ್ಲಿ ಬಾಡಿಗೆಗೋ ಮಾರಾಟಕ್ಕೋ ಇಟ್ಟಾಗ ಯಾವ ಕಟ್ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಎಷ್ಟೋ ಸಲ ಬರೆದೇ ಇರುವುದಿಲ್ಲ. ಹಾಗಾಗಿ ದುಡ್ಡು ಕಟ್ಟುವ ಮೊದಲು ಅವಧಿ ನೋಡಿ: 2 ಗಂಟೆ 42 ನಿಮಿಷ ಇದ್ದರೆ ಥಿಯೇಟರ್ ಕಟ್, 3 ಗಂಟೆ 6 ನಿಮಿಷ ಇದ್ದರೆ ಡೈರೆಕ್ಟರ್ಸ್ ಕಟ್, 3 ಗಂಟೆ 35 ನಿಮಿಷ ಇದ್ದರೆ ಅಲ್ಟಿಮೇಟ್. ಪ್ಯಾಲ್ ಎಂಬ ಹಳೆಯ ಟಿವಿ ಪದ್ಧತಿಯ ಡಿವಿಡಿ ಕೈಗೆ ಸಿಕ್ಕರೆ ಲೆಕ್ಕ ಸ್ವಲ್ಪ ಬೇರೆ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಪ್ಯಾಲ್‌ನಲ್ಲಿ 25ರ ವೇಗಕ್ಕೆ ಓಡಿಸುತ್ತಾರೆ, ಆದ್ದರಿಂದ 162 ಅಲ್ಲಿ 155ರ ಆಸುಪಾಸು ತೋರಿಸುತ್ತದೆ, 186 ಸುಮಾರು 179 ಆಗುತ್ತದೆ. ಸೆನ್ಸಾರಿನವರು ಏನೋ ಕತ್ತರಿಸಿದ್ದಾರೆಂದು ಗಾಬರಿಯಾಗಬೇಕಿಲ್ಲ.

ತೀರ್ಪು ಮೊದಲೇ ಹೇಳಿಬಿಡೋಣ: ನೋಡಬೇಕಾದದ್ದು 186 ನಿಮಿಷದ್ದು. ಥಿಯೇಟರ್ ಕಟ್ ಅವಸರದಲ್ಲಿದೆ, ಅಲ್ಟಿಮೇಟ್ ಕಟ್ ಅಭಿಮಾನಿಗಳ ಆಸೆ ತೀರಿಸಲು ಹೋಗಿ ಎಡವಿದೆ. ಆದರೆ ಮೂರರಲ್ಲಿ ಯಾವುದನ್ನು ನೋಡಿದರೂ ಮೂಲ ತೊಡಕು ಒಂದೇ. ಕಾಮಿಕ್ಸ್‌ನ ಚೌಕಗಳನ್ನು ಇಷ್ಟು ಶ್ರದ್ಧೆಯಿಂದ ನಕಲು ಮಾಡಿದ ಸಿನಿಮಾ ಸಿಗುವುದು ಅಪರೂಪ. ಆ ಚೌಕಗಳು ಒಂದೇ ಪುಟದ ಮೇಲೆ ಅಕ್ಕಪಕ್ಕ ಕೂತು ಮಾಡುತ್ತಿದ್ದ ಕೆಲಸ ಮಾತ್ರ ಬಹುಪಾಲು ಪುಟದಲ್ಲೇ ಉಳಿದುಹೋಗಿದೆ. ಸಿನಿಮಾ ಗೆದ್ದಿರುವ ಕಡೆಗಳಲ್ಲೆಲ್ಲ ಸ್ನೈಡರ್ ಪುಸ್ತಕವನ್ನು ಪಕ್ಕಕ್ಕಿಟ್ಟಿದ್ದಾರೆ.

ಕಾಮಿಡಿಯನ್ ಎಂಬ ಮುಸುಕುಧಾರಿ ನಾಯಕನ ಕೊಲೆಯಾಗುತ್ತದೆ, ಕೊಂದವನು ಯಾರೆಂಬ ಹುಡುಕಾಟವೇ ಕತೆಯ ಎಳೆ. ಕತೆ ಗೊತ್ತಿಲ್ಲದವರಿಗೆ ಒಂದು ಎಚ್ಚರಿಕೆ: ಮುಂದೆ ಕೊಲೆಗಾರ ಯಾರು, ಕೊನೆಗೇನಾಗುತ್ತದೆ ಎರಡೂ ಬಯಲಾಗುತ್ತವೆ. ಇನ್ನೊಂದು, ಇದು ಮಕ್ಕಳನ್ನು ಕೂರಿಸಿಕೊಂಡು ನೋಡುವ ಸೂಪರ್‌ಹೀರೋ ಚಿತ್ರವಲ್ಲ. ಅತ್ಯಾಚಾರದ ಯತ್ನ, ಮಗುವಿನ ಕೊಲೆ, ಮುರಿದು ಹೊರಬರುವ ಮೂಳೆ ಎಲ್ಲ ಇವೆ.

ಮೂಲ ಕೃತಿ ಡಿಸಿ ಪ್ರಕಾಶನದ 12 ಸಂಚಿಕೆಗಳ ಕಾಮಿಕ್ಸ್, 1986–87ರಲ್ಲಿ ಬಂದದ್ದು. ಬರೆದವರು ಅಲನ್ ಮೂರ್, ಚಿತ್ರ ಡೇವ್ ಗಿಬ್ಬನ್ಸ್ ಅವರದು, ಬಣ್ಣ ಜಾನ್ ಹಿಗಿನ್ಸ್ ಅವರದು. ಚಾರ್ಲ್‌ಟನ್ ಎಂಬ ಸಣ್ಣ ಕಂಪನಿಯ ನಾಯಕರನ್ನು ಡಿಸಿ ಆಗ ಕೊಂಡಿತ್ತು. ಮೂರ್ ಮೊದಲು ಹೆಣೆದದ್ದು ಆ ಪಾತ್ರಗಳನ್ನಿಟ್ಟುಕೊಂಡೇ. ಕತೆ ಮುಗಿಯುವ ಹೊತ್ತಿಗೆ ಅವರಲ್ಲಿ ಅರ್ಧ ಜನ ಮತ್ತೆ ಬಳಸಲಾಗದ ಸ್ಥಿತಿಗೆ ಬರುತ್ತಾರೆಂದು ಕಂಡ ಸಂಪಾದಕ ಡಿಕ್ ಜೋರ್ಡಾನೋ ಹೊಸ ಪಾತ್ರಗಳನ್ನು ಮಾಡಿಕೊಳ್ಳಲು ಹೇಳಿದರು. ಕ್ವೆಶ್ಚನ್ ರೋರ್ಶಾಕ್ ಆದ, ಕ್ಯಾಪ್ಟನ್ ಆಟಮ್ ಡಾಕ್ಟರ್ ಮ್ಯಾನ್‌ಹಟನ್ ಆದ, ಬ್ಲೂ ಬೀಟಲ್ ನೈಟ್ ಔಲ್ ಆದ, ಪೀಸ್‌ಮೇಕರ್ ಕಾಮಿಡಿಯನ್ ಆದ. ಸಿನಿಮಾ ಮಾಡುವ ಪ್ರಯತ್ನ 80ರ ದಶಕದ ಕೊನೆಯಿಂದಲೇ ನಡೆದಿತ್ತು. ಟೆರ್ರಿ ಗಿಲಿಯಮ್ ಕೈಹಾಕಿ ಬಿಟ್ಟರು, ಪಾಲ್ ಗ್ರೀನ್‌ಗ್ರಾಸ್ ತಯಾರಿ ನಡೆಸಿದ್ದ ಚಿತ್ರ 2005ರಲ್ಲಿ ನಿಂತಿತು. ಸ್ನೈಡರ್ ಚಿತ್ರ ತಯಾರಾದ ಮೇಲೂ ಹಕ್ಕಿನ ವಿಷಯಕ್ಕೆ ಎರಡು ಸ್ಟುಡಿಯೋಗಳು ಕೋರ್ಟಿಗೆ ಹೋಗಿ, ಬಿಡುಗಡೆಗೆ ಎರಡು ತಿಂಗಳಿರುವಾಗ ರಾಜಿಯಾದವು. ಮೂರ್ ತಮ್ಮ ಹೆಸರು ಹಾಕಲು ಒಪ್ಪಲಿಲ್ಲ. ಟೈಟಲ್ ಕಾರ್ಡಿನಲ್ಲಿ ಗಿಬ್ಬನ್ಸ್ ಹೆಸರೊಂದೇ ಇದೆ.

ಈ ಕಾಮಿಕ್ಸ್‌ನ ಪುಟ ಹೇಗೆ ಕೆಲಸ ಮಾಡುತ್ತದೆಂದು ತಿಳಿಯದೆ ಸಿನಿಮಾದ ಸೋಲುಗೆಲುವು ತೂಗಲಾಗದು. ನಮ್ಮಲ್ಲಿ ಹೆಚ್ಚಿನವರಿಗೆ ಚಿತ್ರಕಥೆ ಓದುವ ಅಭ್ಯಾಸ ಬಂದದ್ದು ಅಮರ ಚಿತ್ರಕಥೆಯಿಂದ. ಅಲ್ಲಿ ಮೇಲಿನ ಪಟ್ಟಿಯ ಸಾಲು ಏನು ಹೇಳುತ್ತದೋ ಬಹುಮಟ್ಟಿಗೆ ಅದನ್ನೇ ಕೆಳಗಿನ ಚಿತ್ರ ತೋರಿಸುತ್ತದೆ. ‘ವಾಚ್‌ಮೆನ್’ನಲ್ಲಿ ಅಕ್ಷರ ಒಂದು ಹೇಳುತ್ತದೆ, ಚಿತ್ರ ಇನ್ನೊಂದು ಹೇಳುತ್ತದೆ, ಮೂರನೆಯದನ್ನು ಓದುಗ ಕಟ್ಟಿಕೊಳ್ಳಬೇಕು. ಮೊದಲ ಪುಟವನ್ನೇ ನೋಡಿ. ಆರು ಸಣ್ಣ ಚೌಕ, ಕೆಳಗೊಂದು ಅಗಲದ ಚೌಕ. ಚರಂಡಿಯ ಪಕ್ಕ ಬಿದ್ದ ಹಳದಿ ನಗುಮುಖದ ಬ್ಯಾಡ್ಜಿನಿಂದ ದೃಷ್ಟಿ ಮೇಲೇರುತ್ತಾ ಹೋಗಿ, ಗಾಜು ಒಡೆದ ಕಿಟಕಿಯವರೆಗೆ ಬರುತ್ತದೆ. ಅದರ ಮೇಲೆ ಓಡುವ ಅಕ್ಷರಗಳು ರೋರ್ಶಾಕ್ ಎಂಬಾತನ ದಿನಚರಿ. ಕೆಳಗೆ ಒಬ್ಬ ಪೈಪ್ ಹಿಡಿದು ರಕ್ತ ತೊಳೆಯುತ್ತಿದ್ದಾನೆ. ಪ್ರಳಯ ಹತ್ತಿರ ಬಂತೆಂದು ಬರೆದ ಫಲಕ ಹೊತ್ತ ಕೆಂಗೂದಲಿನವನೊಬ್ಬ ಆ ರಕ್ತ ತುಳಿದುಕೊಂಡು ಹೋಗುತ್ತಾನೆ. ಆ ದಿನಚರಿ ಬರೆದವನೂ ಇವನೇ ಎಂದು ಗೊತ್ತಾಗುವುದು ಐದನೇ ಸಂಚಿಕೆ ಮುಗಿದ ಮೇಲೆ. ಆಗ ಓದುಗ ಹಿಂದಕ್ಕೆ ಮಗುಚಿ ಬಂದು ಈ ಪುಟವನ್ನು ಮತ್ತೆ ನೋಡುತ್ತಾನೆ. ಹೀಗೆ ಮಗುಚಲೆಂದೇ ಕಟ್ಟಿದ ಪುಸ್ತಕ ಇದು.

ಪುಟದ ಪಾಯ ಮೂರು ಸಾಲು, ಮೂರು ಕಂಬದ ಒಂಬತ್ತು ಚೌಕ. ಎಲ್ಲ ಒಂದೇ ಅಳತೆಯವಾದ್ದರಿಂದ ಗಡಿಯಾರದ ಮುಳ್ಳಿನಂತೆ ಲಯ ಹಿಡಿಯುತ್ತದೆ. ಐದನೇ ಸಂಚಿಕೆಯ ಆರಂಭದಲ್ಲಿ ಮೊಲಾಕ್ ಎಂಬ ಮಾಜಿ ಖಳನ ಕೋಣೆಯ ಹೊರಗೆ ನಿಯಾನ್ ಫಲಕ ಹೊತ್ತಿ ಆರುತ್ತಿದೆ. ಅದನ್ನು ತೋರಿಸಲು ಹಿಗಿನ್ಸ್ ಒಂದು ಚೌಕಕ್ಕೆ ಬೆಚ್ಚನೆ ಬಣ್ಣ, ಮುಂದಿನದಕ್ಕೆ ತಣ್ಣನೆ ಬಣ್ಣ ಹಾಕುತ್ತಾ ಹೋಗಿದ್ದಾರೆ. ಪುಟವನ್ನು ದೂರದಿಂದ ನೋಡಿದರೆ ಚದುರಂಗದ ಮಣೆ. ಅದೇ ಸಂಚಿಕೆಯ ಮೊದಲ ಪುಟದ ವಿನ್ಯಾಸ ಕೊನೆಯ ಪುಟದ ಪ್ರತಿಬಿಂಬ, ಎರಡನೆಯದು ಕೊನೆಯಿಂದ ಎರಡನೆಯದರದು. ಎರಡೂ ಕಡೆಯಿಂದ ಹೀಗೆ ಬಂದು 14–15ನೇ ಪುಟಗಳಲ್ಲಿ ಸೇರುತ್ತವೆ. ಅಲ್ಲಿ ಓಝಿಮ್ಯಾಂಡಿಯಸ್ ಎಂಬ ಮಾಜಿ ನಾಯಕ (ನಿಜ ಹೆಸರು ಆಡ್ರಿಯನ್ ವೈಟ್) ತನ್ನ ಮೇಲೆ ಬಂದ ಹಂತಕನನ್ನು ಹೊಡೆದುರುಳಿಸುತ್ತಿದ್ದಾನೆ. ಆ ದಾಳಿಯನ್ನು ಹೂಡಿದವನು ಅವನೇ ಎಂಬ ಸುಳಿವು ಆ ವಿನ್ಯಾಸದಲ್ಲೇ ಇದೆ. ಇದನ್ನು ಸಿನಿಮಾ ಹೇಗೆ ಮಾಡಬೇಕು? ಪರದೆಯಲ್ಲಿ ಮೊದಲ ದೃಶ್ಯವೂ ಕೊನೆಯ ದೃಶ್ಯವೂ ಒಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ. ಸ್ನೈಡರ್ ಇದಕ್ಕೆ ಕೈಹಾಕಿಲ್ಲ, ಹಾಕದ್ದೇ ಒಳ್ಳೆಯದಾಯಿತು.

ಸಿನಿಮಾ ಗೆದ್ದ ಕಡೆಗಳನ್ನು ಮೊದಲು ನೋಡೋಣ. ಟೈಟಲ್ ದೃಶ್ಯಕ್ಕೆ ಈ ಪ್ರಕಾರದಲ್ಲಿ ಸಾಟಿ ಕಡಿಮೆ. 1940ರ ದಶಕದ ಮುಸುಕುಧಾರಿಗಳಿಂದ 1977ರಲ್ಲಿ ಅವರ ಮೇಲೆ ಬಿದ್ದ ನಿಷೇಧದವರೆಗಿನ ಚರಿತ್ರೆ ಪುಸ್ತಕದಲ್ಲಿ ಸಂಚಿಕೆಯ ಹಿಂಬದಿಯ ಗದ್ಯ, ಪತ್ರ, ಪತ್ರಿಕಾ ತುಣುಕುಗಳಲ್ಲಿ ಹರಡಿಕೊಂಡಿದೆ. ಸ್ನೈಡರ್ ಅದನ್ನು ಐದಾರು ನಿಮಿಷಕ್ಕೆ ಇಳಿಸಿದ್ದಾರೆ. ಬಾಬ್ ಡಿಲನ್ ಹಾಡು ಓಡುತ್ತದೆ, ಫೋಟೋಗೆ ನಿಂತವರಂತೆ ಪಾತ್ರಗಳು ಹೆಚ್ಚುಕಡಿಮೆ ಅಲುಗಾಡದೆ ನಿಂತಿರುತ್ತವೆ, ಕ್ಯಾಮೆರಾ ಮಾತ್ರ ನಿಧಾನ ಸರಿಯುತ್ತದೆ. ಯುದ್ಧ ಮುಗಿದ ದಿನ ಬೀದಿಯಲ್ಲಿ ನರ್ಸ್‌ಗೆ ಮುತ್ತಿಕ್ಕುವವಳು ಸಿಲುಯೆಟ್ ಎಂಬ ಮುಸುಕುಧಾರಿ. ಸಿಲ್ಕ್ ಸ್ಪೆಕ್ಟರ್ ನಿವೃತ್ತಿಯ ಔತಣ ಕ್ರಿಸ್ತನ ಕೊನೆಯ ಭೋಜನದ ಚಿತ್ರದಂತೆ ಕೂತಿದೆ. ಚಂದ್ರನ ಮೇಲೆ ಕಾಲಿಟ್ಟವನ ಫೋಟೋ ತೆಗೆಯುತ್ತಿರುವವನು ಡಾಕ್ಟರ್ ಮ್ಯಾನ್‌ಹಟನ್. ಕೆನಡಿಯ ಮೇಲೆ ಗುಂಡು ಹಾರಿಸಿದವನು ಕಾಮಿಡಿಯನ್ ಎಂದು ಇಲ್ಲಿ ನೇರವಾಗಿ ತೋರಿಸಿಬಿಟ್ಟಿದ್ದಾರೆ. ಪುಸ್ತಕದಲ್ಲಿ ಅದು ಬರೀ ಗುಮಾನಿ. ಅಷ್ಟನ್ನು ಕ್ಷಮಿಸಬಹುದು. ಸ್ತಬ್ಧ ಚಿತ್ರಕ್ಕೂ ಚಲನೆಗೂ ನಡುವಿನ ಈ ಜಾಗದಲ್ಲಿ ಕಾಮಿಕ್ಸ್‌ನ ಗುಣ ನಿಜಕ್ಕೂ ಸಿನಿಮಾಕ್ಕೆ ಬಂದಿದೆ, ಮತ್ತು ಈ ದೃಶ್ಯ ಪುಸ್ತಕದ ಯಾವ ಪುಟದ ನಕಲೂ ಅಲ್ಲ.

ಎರಡನೆಯದು ಮಂಗಳಗ್ರಹದ ಭಾಗ. ನಾಲ್ಕನೇ ಸಂಚಿಕೆಯಲ್ಲಿ ನೀಲಿ ಮೈಯ, ಅತಿಮಾನುಷ ಶಕ್ತಿಯ ಮ್ಯಾನ್‌ಹಟನ್ ಒಂದು ಹಳೆಯ ಫೋಟೋ ಹಿಡಿದು ಕೂತಿದ್ದಾನೆ. ಅವನಿಗೆ ನಿನ್ನೆ, ಇವತ್ತು, ನಾಳೆ ಎಲ್ಲ ಒಟ್ಟಿಗೇ ಇರುತ್ತವೆ: ಫೋಟೋ ಕೈಯಲ್ಲಿದೆ, ಬೀಳುತ್ತಿದೆ, ಬಿದ್ದಾಗಿದೆ. ಪುಟದ ಮೇಲೆ ಎಲ್ಲ ಚೌಕಗಳೂ ನಮಗೆ ಒಮ್ಮೆಲೇ ಕಾಣುವುದರಿಂದ ಓದುಗನಿಗೂ ಅವನ ಕಣ್ಣೇ ಸಿಕ್ಕಂತೆ. ಸಿನಿಮಾದಲ್ಲಿ ಆ ಸೌಲಭ್ಯವಿಲ್ಲ. ಸ್ನೈಡರ್ ಇಲ್ಲಿ ಮ್ಯಾನ್‌ಹಟನ್ ಪಾತ್ರದ ಬಿಲ್ಲಿ ಕ್ರೂಡಪ್‌ನ ಭಾವವಿಲ್ಲದ ದನಿಯನ್ನೂ ಫಿಲಿಪ್ ಗ್ಲಾಸ್‌ನ ಸುತ್ತಿಸುತ್ತಿ ಬರುವ ಸಂಗೀತವನ್ನೂ ನೆಚ್ಚಿಕೊಂಡಿದ್ದಾರೆ. ಸಂಗೀತ ಮುಂದೆ ಹೋಗದೆ ಅಲ್ಲೇ ತಿರುಗುತ್ತದೆ, ಅದರ ಮೇಲೆ ವರ್ಷಗಳು ಹಿಂದುಮುಂದಾಗಿ ಬರುತ್ತವೆ. ಮೂರೂ ಕಟ್‌ಗಳಲ್ಲಿ ಇದೇ ಶ್ರೇಷ್ಠ ಭಾಗ. ಬೆಳಕಿನ ಕೆಲಸವನ್ನೂ ಹೇಳಬೇಕು: ಚಿತ್ರೀಕರಣದ ವೇಳೆ ಕ್ರೂಡಪ್ ತೊಟ್ಟಿದ್ದು ನೀಲಿ ಎಲ್‌ಇಡಿ ದೀಪಗಳನ್ನು ಹೊಲಿದ ಉಡುಪು. ಕಂಪ್ಯೂಟರಿನಲ್ಲಿ ಮಾಡಿದ ದೇಹ ಆಮೇಲೆ ಬಂತು, ಆದರೆ ಎದುರಿಗಿದ್ದವರ ಕೆನ್ನೆ, ಗೋಡೆ, ಮೇಜಿನ ಮೇಲೆ ಬಿದ್ದ ನೀಲಿ ಬೆಳಕು ನಿಜವಾದದ್ದು. ಅದಕ್ಕೇ ಇಷ್ಟು ವರ್ಷವಾದರೂ ಅವನು ಕೋಣೆಯೊಳಗೆ ಇದ್ದಾನೆಂದು ನಂಬಿಕೆ ಬರುತ್ತದೆ. ಮೈಯ ಗ್ರಾಫಿಕ್ಸ್‌ಗೆ ಮಾತ್ರ ವಯಸ್ಸಾಗಿದೆ.

ಮೂರನೆಯದು ಜಾಕಿ ಅರ್ಲ್ ಹೇಲಿ. ಮುಖವಾಡದೊಳಗೂ ಅದಿಲ್ಲದೆಯೂ ರೋರ್ಶಾಕ್ ಎಂದರೆ ಇನ್ನು ಈತನೇ. ಬಿಳಿ ಬಟ್ಟೆಯ ಮೇಲೆ ಸದಾ ಸರಿದಾಡುವ ಮಸಿಯ ಕಲೆಗಳು ಪುಸ್ತಕದಲ್ಲಿ ಒಂದು ಚೌಕಕ್ಕೂ ಮುಂದಿನದಕ್ಕೂ ಬೇರೆಯಾಗಿ ಕಾಣುತ್ತವೆ, ನಡುವಿನ ಬದಲಾವಣೆ ಓದುಗನ ಊಹೆ. ಸಿನಿಮಾದಲ್ಲಿ ಅವು ಕಣ್ಣೆದುರೇ ಹರಿಯುತ್ತವೆ. ಇದೊಂದರಲ್ಲಿ ಪುಟಕ್ಕಿಂತ ಪರದೆಗೇ ಅನುಕೂಲ ಹೆಚ್ಚು. ಪ್ಯಾಟ್ರಿಕ್ ವಿಲ್ಸನ್ ಕೂಡ ಹೊಟ್ಟೆ ಬಂದ, ಅಳುಕು ಸ್ವಭಾವದ ಡ್ಯಾನ್ (ಎರಡನೆಯ ನೈಟ್ ಔಲ್) ಆಗಿ ಚೆನ್ನಾಗಿದ್ದಾರೆ. ಲೋರಿ (ಎರಡನೆಯ ಸಿಲ್ಕ್ ಸ್ಪೆಕ್ಟರ್) ಪಾತ್ರದ ಮಾಲಿನ್ ಆಕರ್ಮನ್ ಸಪ್ಪೆ. ಅವಳ ತಾಯಿ, ಮೊದಲ ಸಿಲ್ಕ್ ಸ್ಪೆಕ್ಟರ್ ಆದ ವಯಸ್ಸಾದ ಸ್ಯಾಲಿಯ ಮೇಕಪ್ಪು, ಅಮೆರಿಕದ ಅಧ್ಯಕ್ಷ ನಿಕ್ಸನ್‌ನ ಮೂಗು ಎರಡೂ ನಾಟಕ ಕಂಪನಿಯವರು ಅಂಟಿಸಿದಂತಿವೆ.

ಇನ್ನು ಕೆಟ್ಟಿರುವ ಕಡೆ. ಮೊದಲನೆಯದು ಹೊಡೆದಾಟ. ಪುಸ್ತಕದಲ್ಲಿ ಮ್ಯಾನ್‌ಹಟನ್ ಒಬ್ಬನಿಗೆ ಬಿಟ್ಟರೆ ಯಾರಿಗೂ ಅತಿಮಾನುಷ ಶಕ್ತಿಯಿಲ್ಲ. ಕಾಮಿಡಿಯನ್‌ನ ಕೊಲೆ ಅಲ್ಲಿ ಕೆಂಪು ಛಾಯೆಯ ಕೆಲವೇ ಚೌಕ. ಇಬ್ಬರು ಪತ್ತೇದಾರರು ಖಾಲಿ ಮನೆಯಲ್ಲಿ ಮಾತಾಡುತ್ತಿರುವಾಗ ನಡುನಡುವೆ ಮಿಂಚಿ ಹೋಗುತ್ತವೆ. ಅವರ ಮಾತಿಗೂ ಆ ಚಿತ್ರಕ್ಕೂ ಇರುವ ವ್ಯಂಗ್ಯದ ನಂಟೇ ಆ ಪುಟಗಳ ಸ್ವಾರಸ್ಯ. ಸಿನಿಮಾ ಪತ್ತೇದಾರರನ್ನು ಆಮೇಲೆ ಕರೆತರುತ್ತದೆ, ಮೊದಲು ಹೊಡೆದಾಟವನ್ನು ಪೂರ್ತಿ ತೋರಿಸುತ್ತದೆ. ಗೋಡೆಗೆ ಮುಷ್ಟಿ ಹಾಕಿದರೆ ಗೋಡೆ ಒಡೆಯುತ್ತದೆ, ಕಲ್ಲಿನ ಕಟ್ಟೆ ಚೂರಾಗುತ್ತದೆ. ಇಷ್ಟು ಬಲದ ಹಂತಕ ಯಾರಿರಬಹುದೆಂದು ಪ್ರೇಕ್ಷಕ ಅಲ್ಲೇ ಪಟ್ಟಿ ಮಾಡಿಕೊಳ್ಳುತ್ತಾನೆ, ಆ ಪಟ್ಟಿ ಬಹಳ ಚಿಕ್ಕದು. ಮೇಲಾಗಿ ಓಝಿಮ್ಯಾಂಡಿಯಸ್ ಆದ ಮ್ಯಾಥ್ಯೂ ಗೂಡ್ ಮೊದಲ ದೃಶ್ಯದಿಂದಲೇ ತಣ್ಣಗೆ, ನೆರಳಲ್ಲಿ, ತುಟಿ ಬಿಗಿಹಿಡಿದು ನಿಂತಿರುತ್ತಾರೆ. ಪುಸ್ತಕದ ಆಡ್ರಿಯನ್ ವೈಟ್ ಎಲ್ಲರಿಗಿಂತ ಸ್ನೇಹಶೀಲ, ಕೊಡುಗೈ ಮನುಷ್ಯ. ಅನುಮಾನ ಕೊನೆಗೆ ಬರುವುದು ಅವನ ಮೇಲೆ. ಕೊಲೆಯ ಗುಟ್ಟು ಸಿನಿಮಾದಲ್ಲಿ ಅರ್ಧ ದಾರಿಗೂ ಬಾರದೆ ಬಿಟ್ಟುಹೋಗಲು ಕಾರಣ ಈ ಎರಡು.

ಓಣಿಯಲ್ಲಿ ಡ್ಯಾನ್ ಮತ್ತು ಲೋರಿ ಪುಂಡರ ಗುಂಪನ್ನು ಬಡಿಯುವ ದೃಶ್ಯವೂ ಹಾಗೆಯೇ. ಮೂಲದಲ್ಲಿ ಇಬ್ಬರು ನಡುವಯಸ್ಕರು ಏದುಸಿರು ಬಿಡುತ್ತಾ, ಹಳೆಯ ಚಟ ಮೈಗೆ ಮರಳಿದ ಹುರುಪಿಗೆ ತಾವೇ ನಾಚಿಕೊಳ್ಳುತ್ತಾರೆ. ಸಿನಿಮಾದಲ್ಲಿ ಮೊಣಕೈ ಮೂಳೆ ಚರ್ಮ ಸೀಳಿ ಹೊರಬರುತ್ತದೆ, ಕುತ್ತಿಗೆಗೆ ಚೂರಿ ಇಳಿಯುತ್ತದೆ. ಅಷ್ಟಾದ ಮೇಲೂ ಪಾತ್ರಗಳಿಗೆ ಏನೂ ಅನ್ನಿಸುವುದಿಲ್ಲ. ಸ್ಲೋ ಮೋಷನ್ ಇದಕ್ಕೆ ತುಪ್ಪ ಸುರಿಯುತ್ತದೆ. ಸ್ತಬ್ಧ ಚೌಕವನ್ನು ನೆನಪಿಸಲು ಸ್ನೈಡರ್ ವೇಗ ಇಳಿಸುತ್ತಾರೆ, ಆದರೆ ಚೌಕದ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂದು ತೀರ್ಮಾನಿಸುವವನು ಓದುಗ. ಇಲ್ಲಿ ನಿರ್ದೇಶಕ ಹಿಡಿದು ನಿಲ್ಲಿಸುತ್ತಾನೆ, ಅದೂ ಹೆಚ್ಚಾಗಿ ಪೆಟ್ಟು ಬೀಳುವ ಜಾಗದಲ್ಲೇ.

ಆರನೇ ಸಂಚಿಕೆಗೆ ಆದ ಗತಿ ಇನ್ನೂ ಬೇಸರದ್ದು. ಜೈಲಿನಲ್ಲಿರುವ ರೋರ್ಶಾಕ್‌ನನ್ನು ಮನೋವೈದ್ಯ ಮಾಲ್ಕಮ್ ಲಾಂಗ್ ವಿಚಾರಿಸುತ್ತಾನೆ. ಸಂಚಿಕೆ ಪೂರ್ತಿ ಆ ವೈದ್ಯನ ಟಿಪ್ಪಣಿಯಲ್ಲಿದೆ. ಮೈಮೇಲೆ ಬಂದ ಕೈದಿಗೆ ಕುದಿಯುವ ಎಣ್ಣೆ ಎರಚಿದ ಮೇಲೆ ರೋರ್ಶಾಕ್ ಆಡಿದ ಮಾತು—ನಿಮ್ಮ ಜೊತೆ ನಾನು ಸಿಕ್ಕಿಬಿದ್ದಿಲ್ಲ, ನನ್ನ ಜೊತೆ ನೀವು ಸಿಕ್ಕಿಬಿದ್ದಿದ್ದೀರಿ ಎಂಬ ಅರ್ಥದ್ದು—ಪುಸ್ತಕದಲ್ಲಿ ಅವನ ಬಾಯಿಂದ ಬರುವ ಬಲೂನಿನಲ್ಲಿಲ್ಲ. ಯಾರೋ ಹೇಳಿದ್ದನ್ನು ಕೇಳಿ ವೈದ್ಯ ಬರೆದುಕೊಂಡದ್ದು. ಓದುವಾಗ ಮೈ ಜುಮ್ಮೆನ್ನುವುದು ಆ ತಗ್ಗಿದ ದನಿಯಿಂದ. ಸಿನಿಮಾದಲ್ಲಿ ಹೇಲಿ ಅದನ್ನು ಗಂಟಲು ಹರಿಯುವಂತೆ ಕೂಗುತ್ತಾನೆ, ಟ್ರೈಲರಿಗೆ ಚೆನ್ನ. ವೈದ್ಯನ ಸಂಸಾರ ಈ ಕೇಸಿನಿಂದಾಗಿ ಹೇಗೆ ಕುಸಿಯುತ್ತದೆಂಬ ಎಳೆ ಪೂರ್ತಿ ಹೋಗಿದೆ.

ಅದಕ್ಕಿಂತ ಮುಖ್ಯವಾದದ್ದು ಅಪಹರಣದ ಪ್ರಕರಣ. ಮಗುವನ್ನು ಕೊಂದವನನ್ನು ಪುಸ್ತಕದ ರೋರ್ಶಾಕ್ ಒಲೆಗೆ ಕೈಕೋಳ ಹಾಕಿ ಕಟ್ಟುತ್ತಾನೆ, ಕೈಗೆ ಗರಗಸ ಕೊಡುತ್ತಾನೆ, ಕೋಳ ಕೊಯ್ಯುವಷ್ಟು ಸಮಯವಿಲ್ಲ ಎಂದು ಸೂಚಿಸಿ ಮನೆಗೆ ಬೆಂಕಿ ಇಡುತ್ತಾನೆ. ಆಮೇಲೆ ಬೀದಿಯಲ್ಲಿ ನಿಂತು ಉರಿಯನ್ನು ನೋಡುತ್ತಾನೆ, ಯಾರೂ ಹೊರಬರುವುದಿಲ್ಲ. ವಾಲ್ಟರ್ ಕೊವಾಕ್ಸ್ ಎಂಬ ಮನುಷ್ಯ ಮುಗಿದು ರೋರ್ಶಾಕ್ ಮಾತ್ರ ಉಳಿಯುವುದು ಆ ಬೆಂಕಿಯೆದುರು. ಸಿನಿಮಾದಲ್ಲಿ ಮಚ್ಚು ಎತ್ತಿ ತಲೆಗೆ ಮತ್ತೆಮತ್ತೆ ಹೊಡೆಯುತ್ತಾನೆ. ಮೊದಲನೆಯದು ತಣ್ಣಗೆ ಯೋಚಿಸಿ ಕೊಟ್ಟ ಶಿಕ್ಷೆ, ಎರಡನೆಯದು ಕೋಪ. ಕೋಪ ಪ್ರೇಕ್ಷಕನಿಗೆ ಅರ್ಥವಾಗುತ್ತದೆ, ಹಿಡಿಸುತ್ತದೆ ಕೂಡ, ಅದೇ ತೊಂದರೆ. ರೋರ್ಶಾಕ್‌ನನ್ನು ಓದುಗ ಮೆಚ್ಚಿಕೊಳ್ಳುತ್ತಿದ್ದಂತೆ ಭಯವೂ ಆಗಬೇಕು. ಸಿನಿಮಾದಲ್ಲಿ ಮೆಚ್ಚುಗೆಯಷ್ಟೇ ಉಳಿಯಿತು, ಅಭಿಮಾನಿ ಬಳಗವೂ ಅದಕ್ಕೆ ತಕ್ಕಂತೆಯೇ ಬೆಳೆಯಿತು.

ಕೊನೆಯ ವಿಷಯಕ್ಕೆ ಬಂದರೆ ಜಗಳ ಇನ್ನೂ ಮುಗಿದಿಲ್ಲ. ಪುಸ್ತಕದಲ್ಲಿ ವೈಟ್ ನ್ಯೂಯಾರ್ಕಿನ ನಡುವೆ ದೈತ್ಯ ಸ್ಕ್ವಿಡ್ಡಿನಂಥ ಕೃತಕ ಪ್ರಾಣಿಯನ್ನು ಉದುರಿಸುತ್ತಾನೆ. ಅದು ಸಾಯುವಾಗ ಹೊರಟ ಮಾನಸಿಕ ಆಘಾತಕ್ಕೆ ನಗರದ ಅರ್ಧ ಜನ ಸಾಯುತ್ತಾರೆ, ಬೇರೆ ಲೋಕದವರು ದಾಳಿ ಮಾಡಿದರೆಂದು ನಂಬಿ ಅಮೆರಿಕ, ಸೋವಿಯತ್ ಕೈ ಕುಲುಕುತ್ತವೆ. ಸಿನಿಮಾದಲ್ಲಿ ಪ್ರಾಣಿ ಇಲ್ಲ, ಜಗತ್ತಿನ ಹಲವು ನಗರಗಳಲ್ಲಿ ಮ್ಯಾನ್‌ಹಟನ್‌ನ ಶಕ್ತಿಯ ಗುರುತಿರುವ ಸ್ಫೋಟಗಳಾಗುತ್ತವೆ, ಅಪವಾದ ಅವನ ತಲೆಗೆ. ಯಂತ್ರದ ಪರದೆಯ ಮೇಲೆ ‘ಎಸ್.ಕ್ಯು.ಯು.ಐ.ಡಿ.’ ಎಂದು ಬರೆದು ಚಿತ್ರಕಥೆಗಾರರು ಅಭಿಮಾನಿಗಳಿಗೆ ಕಣ್ಣು ಹೊಡೆದಿದ್ದಾರೆ. ಕಟ್ಟೋಣದ ದೃಷ್ಟಿಯಿಂದ ಬದಲಾವಣೆ ಜಾಣತನದ್ದೇ. ಕಾಣೆಯಾದ ಲೇಖಕರು, ಕಲಾವಿದರು, ದ್ವೀಪ, ಸತ್ತ ಅತೀಂದ್ರಿಯ ಜ್ಞಾನಿಯ ಮೆದುಳು ಎಂಬ ಇಡೀ ಉಪಕತೆಯ ಗೋಜು ತಪ್ಪುತ್ತದೆ, ಮ್ಯಾನ್‌ಹಟನ್ ಭೂಮಿ ಬಿಟ್ಟುಹೋಗಲು ಬಲವಾದ ಕಾರಣವೂ ಸಿಗುತ್ತದೆ. ರಾಜಕೀಯ ಲೆಕ್ಕ ಮಾತ್ರ ಕೂಡುವುದಿಲ್ಲ. ಮ್ಯಾನ್‌ಹಟನ್ ಇಪ್ಪತ್ತು ವರ್ಷ ಅಮೆರಿಕದ ಅಸ್ತ್ರವಾಗಿದ್ದವನು, ವಿಯೆಟ್ನಾಂ ಗೆದ್ದುಕೊಟ್ಟವನು. ಅವನು ಮಾಸ್ಕೋ ಸುಟ್ಟರೆ ಸೋವಿಯತ್ತಿಗೆ ಅಮೆರಿಕದ ಮೇಲೆ ಕನಿಕರ ಯಾಕೆ ಹುಟ್ಟಬೇಕು?

ಆದರೆ ಸ್ಕ್ವಿಡ್ ಇಲ್ಲದ್ದಕ್ಕಿಂತ ಹೆಣ ಇಲ್ಲದ್ದು ದೊಡ್ಡ ಲೋಪ. 12ನೇ ಸಂಚಿಕೆಯ ಮೊದಲ ಆರು ಪುಟ ಪ್ರತಿಯೊಂದೂ ಒಂದೇ ಚಿತ್ರ. ಹನ್ನೊಂದು ಸಂಚಿಕೆ ಒಂಬತ್ತು ಚೌಕದ ಲಯಕ್ಕೆ ಒಗ್ಗಿದ ಕಣ್ಣು ಇಲ್ಲಿ ತಟ್ಟನೆ ನಿಲ್ಲುತ್ತದೆ. ಮಾತಿಲ್ಲ. ಬೀದಿ ತುಂಬ ರಕ್ತ ಸೋರುವ ಶವಗಳು; ಪತ್ರಿಕೆ ಮಾರುವ ಬರ್ನಾರ್ಡ್, ಅವನ ಅಂಗಡಿಯ ಪಕ್ಕ ಕೂತು ಕಾಮಿಕ್ಸ್ ಓದುತ್ತಿದ್ದ ಹುಡುಗ ಎಲ್ಲ ಅಲ್ಲಿದ್ದಾರೆ. ಇಷ್ಟು ದಿನ ಹಿನ್ನೆಲೆಯಲ್ಲಿ ಕಂಡ ಮುಖಗಳನ್ನು ಒಂದೊಂದಾಗಿ ಹುಡುಕಿ ಗುರುತಿಸಬೇಕಾಗುತ್ತದೆ. ಸಿನಿಮಾದಲ್ಲಿ ಒಂದು ಹಳ್ಳ, ಬೂದಿ, ಮುರಿದ ಕಟ್ಟಡ. ಒಬ್ಬ ಪುಂಡನ ಮೊಣಕೈ ಮುರಿದದ್ದನ್ನು ಹತ್ತಿರದಿಂದ ತೋರಿಸಿದ ಕ್ಯಾಮೆರಾ ಲಕ್ಷಗಟ್ಟಲೆ ಸಾವಿನ ಮುಂದೆ ಮರ್ಯಾದೆಯಿಂದ ದೂರ ನಿಲ್ಲುತ್ತದೆ. ವೈಟ್ ಮಾಡಿದ್ದು ಸರಿಯೇ ತಪ್ಪೇ ಎಂಬ ಪ್ರಶ್ನೆಗೆ ತೂಕ ಬರಬೇಕಾದ್ದು ಇಲ್ಲಿಂದ.

ಕಡೆಯ ಮಾತೂ ಕೈ ಬದಲಾಗಿದೆ. ಕೊನೆಗೆ ನಾನು ಮಾಡಿದ್ದು ಸರಿಯಾಯಿತಲ್ಲವೇ ಎಂದು ಪುಸ್ತಕದ ವೈಟ್ ಮ್ಯಾನ್‌ಹಟನ್‌ನನ್ನು ಕೇಳುತ್ತಾನೆ. ಕೊನೆ ಎಂಬುದು ಯಾವುದಕ್ಕೂ ಇಲ್ಲ ಎಂಬ ಅರ್ಥದ ಉತ್ತರ ಕೊಟ್ಟು ಮ್ಯಾನ್‌ಹಟನ್ ಹೊರಟುಹೋಗುತ್ತಾನೆ, ವೈಟ್ ಒಬ್ಬನೇ ನಿಂತಿರುತ್ತಾನೆ. ಅವನಿಗೆ ಸಿಗುವ ಶಿಕ್ಷೆ ಅದೊಂದೇ. ಸಿನಿಮಾದಲ್ಲಿ ಲೋರಿ ಆ ಮಾತನ್ನು ಡ್ಯಾನ್‌ಗೆ ಹೇಳುತ್ತಾಳೆ, ಜಾನ್ (ಮ್ಯಾನ್‌ಹಟನ್) ಇದ್ದಿದ್ದರೆ ಹೀಗನ್ನುತ್ತಿದ್ದ ಅನ್ನುವ ಹಾಗೆ. ವೈಟ್‌ಗೆ ಸಂಶಯವೇ ಹುಟ್ಟುವುದಿಲ್ಲ. ಬದಲಿಗೆ ಡ್ಯಾನ್ ಕೈಯಲ್ಲಿ ನಾಲ್ಕು ಏಟು ಬೀಳುತ್ತವೆ.

ಇಷ್ಟು ಹೇಳಿದ ಮೇಲೆ ಕಟ್‌ಗಳ ನಡುವಿನ ವ್ಯತ್ಯಾಸ ಸುಲಭ. 162ರಿಂದ 186ಕ್ಕೆ ಬಂದ 24 ನಿಮಿಷದಲ್ಲಿ ಬಹುಪಾಲು ಸಣ್ಣ ಸಣ್ಣ ಉಸಿರು: ಮಾತಿನ ನಡುವೆ ಒಂದೆರಡು ಸಾಲು, ರೋರ್ಶಾಕ್‌ನ ತನಿಖೆಯ ಇನ್ನಷ್ಟು ಭಾಗ. ದೊಡ್ಡ ಸೇರ್ಪಡೆ ಹಳೆಯ ನೈಟ್ ಔಲ್ ಹಾಲಿಸ್ ಮೇಸನ್‌ನ ಸಾವು. ಮೊದಲ ಕಟ್‌ನಲ್ಲಿ ಆತ ಬಂದು ಬಿಯರ್ ಕುಡಿದು ಮಾಯವಾಗುತ್ತಾನೆ. ಇಲ್ಲಿ ಪುಂಡರು ಅವನ ಮನೆಗೆ ನುಗ್ಗುತ್ತಾರೆ, ಆತ ಹೊಡೆಯುವ ಒಂದೊಂದು ಏಟಿಗೂ ಎದುರಿಗಿರುವವರ ಮುಖದಲ್ಲಿ ತನ್ನ ಯೌವನದ ಖಳರನ್ನು ಕಾಣುತ್ತಾನೆ. ಸ್ಟೀಫನ್ ಮೆಕ್‌ಹ್ಯಾಟಿ ಮಾತಿಲ್ಲದೆ ಗೆಲ್ಲುವ ದೃಶ್ಯ. ಮುಸುಕು ತೊಟ್ಟವರ ಸಾಹಸಕ್ಕೆ ಬೆಲೆ ತೆರುವವರು ಬೇರೆಯವರು ಎಂಬುದು ಇಡೀ ಸಿನಿಮಾದಲ್ಲಿ ಗಟ್ಟಿಯಾಗಿ ಮುಟ್ಟುವುದು ಇಲ್ಲಿ. ಇದನ್ನು ಕತ್ತರಿಸಿದ 162 ನಿಮಿಷದ ಪ್ರತಿಯನ್ನು ಇನ್ನು ನೋಡುವ ಕಾರಣವೇ ಇಲ್ಲ.

215 ನಿಮಿಷದ್ದಕ್ಕೆ ಸೇರಿರುವುದು ಬರ್ನಾರ್ಡ್‌ನ ಪತ್ರಿಕೆ ಅಂಗಡಿ ಮತ್ತು ಹುಡುಗ ಓದುವ ಕಡಲ್ಗಳ್ಳರ ಕತೆ. ಪುಸ್ತಕದಲ್ಲಿ ಈ ಕತೆ 3, 5, 8, 10, 11ನೇ ಸಂಚಿಕೆಗಳಲ್ಲಿ ಬರುತ್ತದೆ. ಅದರ ಸಾಲುಗಳು ಬೀದಿಯ ಚಿತ್ರದ ಮೇಲೆಯೇ ಓಡುತ್ತವೆ: ಹೆಣಗಳ ತೆಪ್ಪ ಕಟ್ಟಿಕೊಂಡು ಮನೆಗೆ ಹೊರಟವನ ಮಾತು ಮೇಲೆ, ಯುದ್ಧವಾಗುತ್ತದೆ ಎಂದು ಗೊಣಗುವ ಅಂಗಡಿಯವನ ಮಾತು ಕೆಳಗೆ, ಎರಡೂ ಒಂದೇ ಚೌಕದಲ್ಲಿ. ಊರನ್ನು ಉಳಿಸುತ್ತೇನೆಂದು ಹೊರಟವನೇ ಊರಿನ ಶತ್ರುವಾಗುವ ಆ ಕತೆ ವೈಟ್‌ನ ಕತೆಯೇ ಎಂಬುದು ಈ ಒತ್ತಟ್ಟಿಗಿರುವಿಕೆಯಿಂದ ಹೊಳೆಯುತ್ತದೆ. ಅಲ್ಟಿಮೇಟ್ ಕಟ್‌ನಲ್ಲಿ ಹುಡುಗ ಪುಟ ತೆರೆಯುತ್ತಾನೆ, ಸಿನಿಮಾ ನಿಲ್ಲುತ್ತದೆ, ಕೆಲವು ನಿಮಿಷ ಕಾರ್ಟೂನ್ ಓಡುತ್ತದೆ, ಮತ್ತೆ ಸಿನಿಮಾ. ಒಟ್ಟಿಗಿದ್ದದ್ದು ಒಂದರ ಹಿಂದೆ ಒಂದಾಯಿತು. ಪ್ರತಿ ಸಲವೂ ಬಿಟ್ಟ ಜಾಗವನ್ನು ನೆನಪಿಸಿಕೊಂಡು ಮುಂದುವರಿಯಬೇಕು, ಎರಡನೇ ಗಂಟೆಯ ಹೊತ್ತಿಗೆ ಅದು ಜಾಹೀರಾತಿನ ವಿರಾಮದಷ್ಟೇ ಕಿರಿಕಿರಿ. ಕಾರ್ಟೂನ್ ಕೆಟ್ಟದ್ದೇನಲ್ಲ, ಕೂಡಿಸಿದ್ದು ಕೆಟ್ಟದ್ದು. ಅದು ಬಿಡಿಯಾಗಿಯೂ ಸಿಗುತ್ತದೆ, ಸುಮಾರು 26 ನಿಮಿಷ; ಹಾಗೆ ನೋಡಿದರೆ ಚೆನ್ನ. ಅದೇ ಡಿಸ್ಕಿನಲ್ಲಿ ಮೇಸನ್‌ನ ಆತ್ಮಕತೆಯನ್ನು ಹಳೆಯ ಟಿವಿ ಕಾರ್ಯಕ್ರಮದ ರೂಪಕ್ಕೆ ತಂದ ‘ಅಂಡರ್ ದ ಹುಡ್’ ಇದೆ, ಜಾಹೀರಾತು ಸಮೇತ. ಗದ್ಯದಲ್ಲಿದ್ದದ್ದನ್ನು ಟಿವಿಗೆ ಒಗ್ಗುವ ರೂಪಕ್ಕೆ ಪೂರ್ತಿ ಬದಲಿಸಿದ್ದರಿಂದ ಅದು ಅಲ್ಟಿಮೇಟ್ ಕಟ್‌ಗಿಂತ ಪುಸ್ತಕಕ್ಕೆ ಹತ್ತಿರ.

ನೋಡುವಾಗ ಟಿವಿಯ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಅದು ಫ್ರೇಮುಗಳ ನಡುವೆ ತಾನೇ ಹೊಸ ಫ್ರೇಮು ತುಂಬುತ್ತದೆ. ವೇಗ ಇಳಿಸಿ ಏರಿಸುವ ಶಾಟ್‌ಗಳಲ್ಲಿ ಅಂಚುಗಳು ಕಲಸಿ, ಟೈಟಲ್ ದೃಶ್ಯ ಧಾರಾವಾಹಿಯಂತೆ ಕಾಣುತ್ತದೆ. ಚಿತ್ರದ ಬಹುಭಾಗ ರಾತ್ರಿ ಮತ್ತು ಮಳೆ, ಕೋಣೆಯ ದೀಪ ಆರಿಸದಿದ್ದರೆ ಕಪ್ಪು ಬೂದಿಯಾಗುತ್ತದೆ. ರೋರ್ಶಾಕ್‌ನ ಗೊಗ್ಗರು ದನಿ ಸಂಗೀತದಡಿ ಮುಳುಗುವುದರಿಂದ ಹೋಂ ಥಿಯೇಟರ್ ಇದ್ದವರು ನಡುವಿನ ಸ್ಪೀಕರನ್ನು ಎರಡು ಮೂರು ಡೆಸಿಬಲ್ ಏರಿಸಿಕೊಳ್ಳುವುದು ಮೇಲು. ಹೊರದೇಶದಿಂದ ಡಿಸ್ಕ್ ತರಿಸುವವರು ರೀಜನ್ ಕೋಡ್ (ಯಾವ ದೇಶದ ಪ್ಲೇಯರಿನಲ್ಲಿ ಓಡುತ್ತದೆಂಬ ಗುರುತು) ನೋಡಿಕೊಳ್ಳಿ: ಭಾರತ ಬ್ಲೂರೇಯಲ್ಲಿ ಸಿ, ಡಿವಿಡಿಯಲ್ಲಿ 5. 4ಕೆ ಡಿಸ್ಕಿಗೆ ಈ ಕಾಟವಿಲ್ಲ, ಆದರೆ 2016ರಲ್ಲಿ ಬಂದ 4ಕೆ ಪ್ರತಿ ಅಲ್ಟಿಮೇಟ್ ಕಟ್‌ನದು.

ಬೇರೆ ರೂಪಾಂತರಗಳೂ ಇವೆ. ಮೂಲ ಚಿತ್ರಗಳನ್ನೇ ಅಲುಗಾಡಿಸಿ ಮಾಡಿದ 12 ಕಂತಿನ ಮೋಷನ್ ಕಾಮಿಕ್ಸ್‌ನಲ್ಲಿ ಗಂಡು ಹೆಣ್ಣು ಎಲ್ಲ ಪಾತ್ರಕ್ಕೂ ಒಬ್ಬನೇ ಗಂಡಸಿನ ದನಿ. ಲೋರಿ ಬಾಯಿ ತೆರೆದಾಗಲೆಲ್ಲ ನಗು ಬರುತ್ತದೆ. 2024ರಲ್ಲಿ ಎರಡು ಭಾಗವಾಗಿ ಬಂದ ಅನಿಮೇಷನ್ ಸ್ಕ್ವಿಡ್ಡನ್ನು ಉಳಿಸಿಕೊಂಡಿದೆ, ಕತೆಗೆ ನಿಷ್ಠವಾಗಿದೆ, ಮುಖಗಳು ಮಾತ್ರ ಮರದವು. ಡೇಮನ್ ಲಿಂಡೆಲಾಫ್ 2019ರಲ್ಲಿ ಎಚ್‌ಬಿಒಗೆ ಮಾಡಿದ ಒಂಬತ್ತು ಕಂತಿನ ಸರಣಿ ರೂಪಾಂತರದ ಗೊಡವೆಗೇ ಹೋಗಿಲ್ಲ. ಪುಸ್ತಕದಲ್ಲಿ ನಡೆದದ್ದೆಲ್ಲ ಚರಿತ್ರೆ ಎಂದಿಟ್ಟುಕೊಂಡು, 1921ರಲ್ಲಿ ಟಲ್ಸಾ ನಗರದ ಕರಿಯರ ಮೇಲೆ ನಡೆದ ನಿಜವಾದ ಹತ್ಯಾಕಾಂಡದಿಂದ ಕತೆ ಎತ್ತಿಕೊಳ್ಳುತ್ತದೆ, ಮುಸುಕು ಯಾರಿಗೆ ಯಾಕೆ ಬೇಕಾಯಿತು ಎಂದು ಕೇಳುತ್ತದೆ. ಸ್ನೈಡರ್ ಸಿನಿಮಾ ಮಾತ್ರ ನೋಡಿ ಅದಕ್ಕೆ ಕೂತವರಿಗೆ ಆಕಾಶದಿಂದ ಪುಟ್ಟ ಸ್ಕ್ವಿಡ್‌ಗಳ ಮಳೆ ಯಾಕೆ ಸುರಿಯುತ್ತಿದೆಯೆಂದು ತಲೆಬುಡ ತಿಳಿಯದು, ಏಕೆಂದರೆ ಅದು ಮುಂದುವರಿಸುವುದು ಪುಸ್ತಕದ ಕೊನೆಯನ್ನು.

ಪುಸ್ತಕ ಕೊಳ್ಳುವವರಿಗೆ ಸಾಮಾನ್ಯ ಪೇಪರ್‌ಬ್ಯಾಕ್ ಸಾಕು. ದೊಡ್ಡ ಅಳತೆಯ ಆಬ್ಸಲೂಟ್ ಆವೃತ್ತಿಗೆ 2005ರಲ್ಲಿ ಹಿಗಿನ್ಸ್ ಬಣ್ಣವನ್ನು ಮತ್ತೆ ತಿದ್ದಿಕೊಟ್ಟಿದ್ದಾರೆ. ಗೋಡೆಬರಹ, ಪತ್ರಿಕೆಯ ತಲೆಬರಹ, ಬಾಟಲಿಯ ಚೀಟಿ ಎಲ್ಲ ಓದಲು ಸಿಗುವುದು ಅದರಲ್ಲಿ, ತೂಕಕ್ಕೆ ಮಡಿಲು ನೋಯುತ್ತದೆ. ಕಪ್ಪುಬಿಳುಪಿನ ನಾಯ್ರ್ ಆವೃತ್ತಿಯನ್ನು ಮೊದಲ ಓದಿಗೆ ತೆಗೆದುಕೊಳ್ಳಬೇಡಿ, ಮೊಲಾಕ್ ಕೋಣೆಯ ನಿಯಾನ್ ಬೆಳಕು ಅದರಲ್ಲಿ ಸತ್ತುಹೋಗಿದೆ. ಟ್ಯಾಬ್ಲೆಟ್ಟಿನಲ್ಲಿ ಓದುವುದಾದರೆ ಹತ್ತು ಇಂಚಿಗೆ ಕಡಿಮೆಯಾದ ಪರದೆ ಬೇಡ, ಮತ್ತು ಒಂದೊಂದೇ ಚೌಕವನ್ನು ಹಿಗ್ಗಿಸಿ ತೋರಿಸುವ ಗೈಡೆಡ್ ವ್ಯೂ ಆಫ್ ಮಾಡಿ. ಅದನ್ನು ಆನ್ ಇಟ್ಟರೆ ಐದನೇ ಸಂಚಿಕೆಯ ಎರಡು ಪುಟದ ನಡುಭಾಗ ತುಂಡುತುಂಡಾಗಿ ಬರುತ್ತದೆ. ಸಂಚಿಕೆಯ ಹಿಂದಿನ ಗದ್ಯ ಹಾರಿಸುವವರು ಬಹಳ, ಆದರೆ ಟೈಟಲ್ ದೃಶ್ಯದ ಅರ್ಧ ಸ್ವಾರಸ್ಯ ಅದನ್ನು ಓದಿದವರಿಗಷ್ಟೇ.